ಗಣತಿಯ ಒಂದು ಸಾಲು

ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. 2018ರಿಂದ ಅದು ತಾಲ್ಲೂಕು ಕೇಂದ್ರ. 1991ರಲ್ಲಿ ಅದಿನ್ನೂ ಗುಲಬರ್ಗಾ ತಾಲ್ಲೂಕಿನ ಒಂದು ಹೋಬಳಿ. ಅಲ್ಲಿಂದ ಒಳಗಿರುವ ಒಂದು ಸಣ್ಣ ಹಳ್ಳಿಗೆ ಆ ವರ್ಷದ ಫೆಬ್ರುವರಿಯಲ್ಲಿ ನಾನು ಜನಗಣತಿಗೆ ಹೋಗಿದ್ದೆ. ಶಾಲೆಯ ಮಾಸ್ತರನಿಗೆ ಆ ಕೆಲಸ ತಪ್ಪಿದ್ದಲ್ಲ.

ಹಿಂಗಾರಿ ಜೋಳದ ಸುಗ್ಗಿ. ಕೆಲವು ಮನೆಗಳಿಗೆ ಬೀಗ. ಹೊಲವಿಲ್ಲದವರು ಗುಳೆ ಹೋಗಿದ್ದರು. ಇದ್ದವರ ಕಟ್ಟೆಯ ಮೇಲೆ ಕುಳಿತು ಹೆಸರು, ವಯಸ್ಸು, ಓದು, ಕೆಲಸ ಎಂದು ಕೇಳುತ್ತಾ ಬರೆದುಕೊಳ್ಳುತ್ತಿದ್ದೆ.

ಓದಿನ ಪ್ರಶ್ನೆಗೇ ಮೊದಲು ತಡವರಿಸಿದೆ. ಏಳು ವರ್ಷ ತುಂಬಿದವರು ಯಾವುದೇ ಭಾಷೆಯನ್ನು ತಿಳಿದು ಓದಿ ಬರೆಯಬಲ್ಲರಾದರೆ ಅಕ್ಷರಸ್ಥರು ಎಂಬುದು ನಿಯಮ. ಒಬ್ಬ ಮುದುಕರು ಉರ್ದುವಿನಲ್ಲಿ ತಮ್ಮ ಹೆಸರು, ಊರು, ಹೊಲದ ವಿವರ ಎಲ್ಲ ಬರೆದು ತೋರಿಸಿದರು. 1948ರ ಸೆಪ್ಟೆಂಬರಿನವರೆಗೆ ನಮ್ಮದು ನಿಜಾಮರ ಸೀಮೆ. ಕಚೇರಿಯ ಭಾಷೆಯೂ ಸಾಲಿಯ ಭಾಷೆಯೂ ಉರ್ದುವೇ. ಮಗನಿಂದ ಬಂದ ಕನ್ನಡದ ಕಾಗದವನ್ನು ಮಾತ್ರ ಅವರು ಪರರಿಂದ ಓದಿಸಿಕೊಳ್ಳಬೇಕಿತ್ತು. ಅವರನ್ನು ಅಕ್ಷರಸ್ಥರೆಂದು ಬರೆದೆ. ಪಕ್ಕದಲ್ಲಿದ್ದ ಅವರ ಹೆಂಡತಿಗೆ ಸಹಿ ಹಾಕಲು ಬರುತ್ತಿತ್ತು. ಸಹಿಯೊಂದೇ ಸಾಲದು, ಆಕೆಯನ್ನು ಅನಕ್ಷರಸ್ಥೆ ಎಂದು ಬರೆದೆ. ನಿಯಮದ ಪ್ರಕಾರ ಎರಡೂ ಸರಿ.

ತಪ್ಪಿದ್ದು ಕೆಲಸದ ಪ್ರಶ್ನೆಯಲ್ಲಿ.

ಹೆಂಗಸರ ದುಡಿಮೆ ಲೆಕ್ಕದಿಂದ ಜಾರಿಹೋಗುತ್ತದೆಂದು ಆ ಸಲ ಪ್ರಶ್ನೆಗೆ ಒಂದು ಮಾತು ಸೇರಿಸಿದ್ದರು: ಸ್ವಂತ ಹೊಲದಲ್ಲೋ ಮನೆತನದ ಕಸುಬಿನಲ್ಲೋ ಕೂಲಿಯಿಲ್ಲದೆ ಮಾಡಿದ್ದೂ ಕೆಲಸವೇ. ವರ್ಷದಲ್ಲಿ 183 ದಿನ ದುಡಿದವರು ಮುಖ್ಯ ಕೆಲಸಗಾರರು, ಅದಕ್ಕೆ ಕಡಿಮೆಯಾದರೆ ಅಲ್ಪಾವಧಿಯವರು. ತರಬೇತಿಯಲ್ಲಿ ಇದನ್ನು ಕೇಳಿಸಿಕೊಂಡೇ ಬಂದಿದ್ದೆ.

ಊರ ಕೊನೆಯ ಮನೆಯ ಯಜಮಾನ ತನ್ನನ್ನು ಒಕ್ಕಲಿಗ ಎಂದು ಬರೆಸಿದ. ಹೆಂಡತಿಯ ಬಗ್ಗೆ ಕೇಳಿದಾಗ, "ಆಕಿ ಏನ್ ಕೆಲಸಾ ಮಾಡ್ತಾಳ್ರಿ ಮಾಸ್ತರ, ಮನ್ಯಾಗ ಇರ್ತಾಳ" ಅಂದ. ಹೊತ್ತು ಇಳಿಯುತ್ತಿತ್ತು, ಕಮಲಾಪುರದ ಬಸ್ಸು ತಪ್ಪುವುದಿತ್ತು. ಮನೆಗೆಲಸ ಎಂದು ಬರೆದು ಎದ್ದೆ.

ಊರು ದಾಟಿದರೆ ಕಣ. ಅಲ್ಲಿ ಆಕೆ ಗಾಳಿಗೆ ಬೆನ್ನುಕೊಟ್ಟು ಜೋಳ ತೂರುತ್ತಿದ್ದಳು. ತಲೆಗೆ ಸುತ್ತಿದ ಸೆರಗಿನ ತುಂಬ ಹೊಟ್ಟು. "ಬರ್ಕೊಂಡ್ರೇನ್ರಿ?" ಎಂದಳು. "ಬರ್ಕೊಂಡೆ ಯವ್ವಾ" ಎಂದೆ. ಹಾಳೆಗಳು ಚೀಲದಲ್ಲೇ ಇದ್ದವು, ಪೆನ್ನು ಜೇಬಿನಲ್ಲಿತ್ತು. ಬಸ್ಸಿನ ಸದ್ದು ಕೇಳಿ ಓಡಿದೆ.

2011ರ ಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 25,66,326. ಗಂಡಸರ ಸಾಕ್ಷರತೆ ಶೇಕಡಾ 74.38, ಹೆಂಗಸರದು 55.09. ಭಾಷಣ ಮಾಡುವವರು, ಯೋಜನೆ ಬರೆಯುವವರು, ನಾವೆಲ್ಲ ಇಂಥ ಅಂಕಿಗಳನ್ನೇ ಹಿಡಿದು ಮಾತಾಡುತ್ತೇವೆ. ನಾನೂ ಮಾತಾಡಿದ್ದೇನೆ.

ಅದಾಗಿ ಕೆಲವು ವರ್ಷಗಳ ಮೇಲೆ ಕಲಬುರಗಿಯ ಗ್ರಂಥಾಲಯವೊಂದರಲ್ಲಿ 1991ರ ಜಿಲ್ಲಾ ಗಣತಿ ಕೈಪಿಡಿ ಕೈಗೆ ಸಿಕ್ಕಿತು. ಪ್ರತಿ ಹಳ್ಳಿಗೂ ಒಂದೊಂದು ಸಾಲು: ಮನೆಗಳು, ಜನ, ಅಕ್ಷರಸ್ಥರು, ಒಕ್ಕಲಿಗರು, ಕೂಲಿಗಳು. ಬೆರಳಿಟ್ಟು ಹುಡುಕಿ ಆ ಹಳ್ಳಿಯ ಸಾಲು ಹಿಡಿದೆ. ಕೊನೆಯ ಕಡೆಗೆ 'ಕೆಲಸ ಮಾಡದವರು' ಎಂಬ ಕಲಮು. ಹೆಂಗಸರ ಲೆಕ್ಕ ಅಲ್ಲಿ ದೊಡ್ಡದಾಗಿಯೇ ಇತ್ತು.

ಅದರಲ್ಲಿ ಒಂದು ನಾನು ಬರೆದದ್ದು.