ಬರಿದಾದ ತೋಟಾದ ಚರಿತ್ರೆ

ಸಿಂಧನೂರಿನಿಂದ ಹೊರಟು ಮಸ್ಕಿಯನ್ನು ಹಾದು ಲಿಂಗಸುಗೂರನ್ನು ಸೇರುವ ಹಾದಿಯಲ್ಲಿ ಚರಿತ್ರೆಗೆ ಬಡತನವಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಣ ಈ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ತರುವಾಯ ಬಿಜಾಪುರದವರೂ ಹೊಡೆದಾಡಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿಯೇ ಓದಿದ್ದೇವೆ. ಆ ಕಥೆಯಲ್ಲಿ ಕೋಟೆಗಳಿವೆ, ಆನೆಗಳಿವೆ, ಫಿರಂಗಿಗಳಿವೆ. ಆದರೆ ಬಂದೂಕಿನ ಹೊಟ್ಟೆಗೆ ಏನು ಹೋಗುತ್ತಿತ್ತು, ಅದನ್ನು ಅಳೆದು ತುಂಬುತ್ತಿದ್ದವರು ಯಾರು ಎಂದು ಕೇಳಿದವರು ಕಡಮೆ. ಇದು ಕ್ಷುಲ್ಲಕ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಈ ಅಳತೆ ಯಾರ ಕೈಯಲ್ಲಿತ್ತು ಎಂಬ ಎಳೆಯನ್ನು ಹಿಡಿದು ನಡೆದರೆ ಐದು ಶತಮಾನಗಳ ರಾಜಕಾರಣವೇ ಬಿಚ್ಚಿಕೊಳ್ಳುತ್ತದೆಂಬುದು ನನ್ನ ಅಭಿಪ್ರಾಯ.

1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ, ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾವ್ ದ ಫಿಗೇರೆದೊ ಎಂಬ ಪೋರ್ಚುಗೀಜನು ತನ್ನ ಇಪ್ಪತ್ತು ಮಂದಿ ಸಂಗಡಿಗರೊಡನೆ ಪಾಳೆಯಕ್ಕೆ ಬಂದ ಸಂಗತಿಯನ್ನು ನೂನಿಜ್ ಬರೆದಿಟ್ಟಿದ್ದಾನೆ. ಕೋಟೆಯ ಮೇಲಿಂದ ತಲೆಯೆತ್ತಿದವರನ್ನು ಇವರು ಗುರಿಯಿಟ್ಟು ಹೊಡೆದರು. ಆ ಮರೆಯಲ್ಲಿ ರಾಯನ ಆಳುಗಳು ಗೋಡೆಯ ಕಲ್ಲನ್ನು ಕಿತ್ತರು. ಅಂದಿನ ಕೋವಿಗಳಲ್ಲಿ ಒಂದರ ನಳಿಗೆಯಂತೆ ಇನ್ನೊಂದರದು ಇರುತ್ತಿರಲಿಲ್ಲ. ಸೀಸವನ್ನು ಕರಗಿಸಿ ಗುಂಡು ಎರೆಯುವ ಅಚ್ಚು ಆಯಾ ಕೋವಿಗೆ ತಕ್ಕಂತಿರಬೇಕಾಗಿತ್ತು. ಮದ್ದಿನ ಅಳತೆ ಹೊಡೆಯುವವನ ಅನುಭವಕ್ಕೆ ಸೇರಿದ್ದಾಗಿತ್ತು. ಕೋವಿ ಯಾರದೋ ಅಳತೆಯೂ ಅವನದೇ. ಮುಂದೆ ಬೇಡರೂ ಪಾಳೆಯಗಾರರೂ ತಮ್ಮ ಕೋವಿಗಳನ್ನು ತುಂಬಿದ್ದು ಹೀಗೆಯೇ.

ಈ ವ್ಯವಸ್ಥೆಯನ್ನು ಕದಲಿಸಿದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. ಗುಂಡನ್ನೂ ಮದ್ದನ್ನೂ ಒಂದೇ ಅಳತೆಯಲ್ಲಿ ಕಾಗದದಲ್ಲಿ ಸುತ್ತಿ, ಕೊಬ್ಬು ಸವರಿದ ತೋಟಾಗಳು ಅದರ ಆಹಾರ. ಸಿಪಾಯಿ ಅದನ್ನು ಹಲ್ಲಿನಿಂದ ಹರಿದು ತುಂಬಬೇಕು. 1857ರಲ್ಲಿ ಆ ಕೊಬ್ಬಿನಿಂದ ಹೊತ್ತಿದ ಬೆಂಕಿಯನ್ನು ಎಲ್ಲರೂ ಬಲ್ಲರು. ನಾನು ಗಮನಿಸಬೇಕೆನ್ನುವುದು ಇನ್ನೊಂದನ್ನು: ತನ್ನ ಬಾಯಿಗೆ ಬರುವ ವಸ್ತುವಿನಲ್ಲಿ ಏನಿದೆಯೆಂದು ತುಂಬುವವನಿಗೇ ತಿಳಿಯದ ಕಾಲ ಆಗ ಬಂದಿತ್ತು. ಅಳತೆ ಕೈಯಿಂದ ಕಾರ್ಖಾನೆಗೆ ಹೋಗಿತ್ತು.

ಅದೇ ವರ್ಷ ಆಯುಧಗಳನ್ನು ಒಪ್ಪಿಸಬೇಕೆಂಬ ಕಟ್ಟಳೆಯೂ ಬಂದಿತು. ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಒಪ್ಪದೆ ನಿಂತು ಬಲಿಯಾದರು. ಅವರ ಲಾವಣಿ ಇಂದಿಗೂ ನಮ್ಮ ನಾಡಿನಲ್ಲಿದೆ. ನಮ್ಮ ಹಾದಿಯ ಲಿಂಗಸುಗೂರು ಆಗ ಹೈದರಾಬಾದ್ ಕಂಟಿಂಜೆಂಟಿನ ದಂಡಿನ ನೆಲೆ. 1853ರಿಂದ 1860ರವರೆಗೆ ರಾಯಚೂರು ಸೀಮೆಯೇ ಇಂಗ್ಲಿಷರ ಆಡಳಿತದಲ್ಲಿತ್ತು. 1858ರ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದ ಪಡೆಗಳಲ್ಲಿ ಲಿಂಗಸುಗೂರಿನ ದಂಡೂ ಇತ್ತು. ಸುರಪುರ ಬಿದ್ದಿತು; ರಾಜ ಸೆರೆಸಿಕ್ಕಿ ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. ಆಮೇಲೆ ಇಂಗ್ಲಿಷರು ತಮ್ಮ ಹಿಂದೀ ಸಿಪಾಯಿಗಳಿಗೂ ಗೋರರ ಬಂದೂಕಿಗಿಂತ ಒಂದು ಪೀಳಿಗೆ ಹಿಂದಿನದನ್ನೇ ಕೊಡುತ್ತ ಬಂದರು.

ಇನ್ನು ಹಿತ್ತಾಳೆಯ ಸರದಿ. ತಾಮ್ರ ಈ ಸೀಮೆಗೆ ಹೊಸದಲ್ಲ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ದೊರೆತು ಪ್ರಸಿದ್ಧವಾದ ಮಸ್ಕಿಯಲ್ಲಿಯೇ 1954ರಲ್ಲಿ ಥಾಪರರು ಅಗೆದು ತಾಮ್ರಶಿಲಾಯುಗದ ನೆಲೆಯನ್ನು ತೋರಿಸಿದರು. ಆ ತಾಮ್ರ ಎಪ್ಪತ್ತು ಪಾಲು, ಸತುವು ಮೂವತ್ತು ಪಾಲು ಸೇರಿದರೆ ತೋಟಾದ ಹಿತ್ತಾಳೆ. 1866ರಲ್ಲಿ ಕರ್ನಲ್ ಬಾಕ್ಸರ್ ಎಂಬಾತನು ತೆಳು ಹಿತ್ತಾಳೆಯನ್ನು ಸುರುಳಿ ಸುತ್ತಿ ತೋಟಾ ಮಾಡಿದ. ಮುಂದೆ ಒಂದೇ ಬಿಲ್ಲೆಯನ್ನು ಎಳೆದು ಚಿಪ್ಪು ಮಾಡುವ ಕ್ರಮ ಬಂದಿತು.

ಹಿತ್ತಾಳೆಯೇ ಏಕೆ? ಮದ್ದು ಉರಿದಾಗ ಅದು ಹಿಗ್ಗಿ ಕೋವಿಯ ಗೂಡಿಗೆ ಅಂಟಿ ಹೊಗೆಯನ್ನು ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಡಿಲವಾಗುತ್ತದೆ. ಆದರೆ ಮೊದಲಿನ ಅಳತೆಗೆ ಮರಳುವುದಿಲ್ಲ. ಬರಿದಾದ ಚಿಪ್ಪು ತಾನು ಸಿಡಿದ ಕೋವಿಯ ಎರಕದಂತಾಗುತ್ತದೆ. ಅದನ್ನು ಮತ್ತೆ ತುಂಬುವ ಹವ್ಯಾಸಿ ಸುಟ್ಟ ಕೇಪನ್ನು ಕಳಚಿ, ತೊಳೆದು, ಉಕ್ಕಿನ ಅಚ್ಚಿನೊಳಗೆ ಒತ್ತುತ್ತಾನೆ. ಅದೇ ಕೋವಿಗಾದರೆ ಕುತ್ತಿಗೆಯನ್ನಷ್ಟೇ ಬಿಗಿಮಾಡಿದರೂ ಸಾಗಬಹುದು; ಬೇರೆ ಕೋವಿಗಾದರೆ ಮೈಯನ್ನೆಲ್ಲ ತಿದ್ದಬೇಕು. ಉದ್ದವಾದ ಬಾಯನ್ನು ಕತ್ತರಿಸಿ ಸಮಮಾಡಬೇಕು. ಬಡಿದ ಹಿತ್ತಾಳೆ ಗಡುಸಾಗುತ್ತದೆ, ಕಾಸಿದರೆ ಮೆದುವಾಗುತ್ತದೆ ಎಂಬುದನ್ನು ತಂಬಿಗೆ ಮಾಡುವ ನಮ್ಮ ಕಂಚುಗಾರ ಬಲ್ಲ. ಚಿಪ್ಪಿನ ಕುತ್ತಿಗೆಗೂ ಅದೇ ಉಪಚಾರ. ಬುಡಕ್ಕೆ ಮಾತ್ರ ಕಾವು ತಗುಲಬಾರದು, ಒತ್ತಡವನ್ನು ತಾಳುವುದು ಅದೇ. ಎಲ್ಲ ಚಿಪ್ಪುಗಳೂ ಗುಂಡನ್ನು ಒಂದೇ ಬಿಗಿಯಲ್ಲಿ ಹಿಡಿದರೆ ಗುಂಡುಗಳ ವೇಗವೂ ಸಮವಾಗುತ್ತದೆ. ಗುರಿಯ ರಹಸ್ಯ ಕಣ್ಣಿನಲ್ಲಿ ಎಷ್ಟಿದೆಯೋ ಈ ತಾಳ್ಮೆಯಲ್ಲಿಯೂ ಅಷ್ಟಿದೆ.

ಆ ಲೋಹದ ಒಳಬಿಗುಪಿನ ಪಾಠ ಕಲಿತದ್ದೂ ಹಿಂದೂಸ್ಥಾನದ ಮಳೆಗಾಲದಲ್ಲಿಯೇ. ಮಳೆ ನಿಲ್ಲುವವರೆಗೆ ಲಾಯಗಳಲ್ಲಿರಿಸಿದ್ದ ಬ್ರಿಟಿಷ್ ಸೈನ್ಯದ ತೋಟಾಗಳು ಯಾರೂ ಮುಟ್ಟದೆಯೇ ಬಿರುಕುಬಿಡುತ್ತಿದ್ದವು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ, ಚಿಪ್ಪನ್ನು ಎಳೆದಾಗ ಅದರಲ್ಲಿ ಉಳಿದ ಬಿಗುಪು, ಇವೆರಡೂ ಕೂಡಿ ಹಾಗಾಗುತ್ತದೆಂದು 1921ರಲ್ಲಿ ವಿವರಿಸಿದರು. ಹದವಾಗಿ ಕಾಸಿ ಬಿಗುಪನ್ನು ಇಳಿಸುವುದೇ ಅದಕ್ಕೆ ಮದ್ದು.

ಹೀಗೆ ಕಾಗದದ ತೋಟಾ ಕಸಿದುಕೊಂಡ ಅಳತೆಯನ್ನು ಹಿತ್ತಾಳೆ ಮತ್ತೆ ಕೈಗೆ ಕೊಡಬಲ್ಲದಾಗಿತ್ತು. ಆದರೆ ಯಾರ ಕೈಗೆ? ಬಾಕ್ಸರನ ಕೇಪಿನ ಚಿಪ್ಪಿಗೆ ನಡುವೆ ಒಂದೇ ರಂಧ್ರ, ಕಳಚುವುದು ಸುಲಭ. ಅದು ಅಮೆರಿಕದ ಹವ್ಯಾಸಿಗಳಲ್ಲಿ ನೆಲೆಯೂರಿತು. ಅಮೆರಿಕದ ಬರ್ಡನ್ ಎಂಬಾತನ, ಕಳಚಲು ಕಷ್ಟವಾದ ಕೇಪು ಯೂರೋಪಿನ ಸೈನ್ಯಗಳಿಗೆ ಬಂದಿತು. ನಮ್ಮಲ್ಲಿ ಕಾಯಿದೆ ಬಂದಿತು. 1878ರ ಆಯುಧ ಕಾಯಿದೆ ಬ್ರಿಟಿಷ್ ಇಂಡಿಯಾದ ಪ್ರಜೆಗೆ ಲೈಸೆನ್ಸ್ ಹೇರಿ, ಯೂರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಅದು ಆಳುವವರ ಭಯದ ಕಾಯಿದೆ.

ಸ್ವತಂತ್ರ ಭಾರತದ 1959ರ ಕಾಯಿದೆ ಜನಾಂಗದ ಭೇದವನ್ನು ತೆಗೆದುಹಾಕಿತು; ಲೆಕ್ಕವನ್ನು ತೆಗೆಯಲಿಲ್ಲ. ಅದರ ವ್ಯಾಖ್ಯೆಯಲ್ಲಿ ತೋಟಾದ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಮದ್ದುಗುಂಡೇ, ಲೈಸೆನ್ಸಿಲ್ಲದೆ ತಯಾರಿಸುವಂತಿಲ್ಲ. ಅಮೆರಿಕದ ಮನೆಯೊಂದರ ಮೇಜಿನ ಮೇಲೆ ಹವ್ಯಾಸವೆನಿಸುವ ಕೆಲಸ ಲಿಂಗಸುಗೂರಿನಲ್ಲಿ ಅಪರಾಧವಾಗುತ್ತದೆ. ಇದನ್ನು ನಾನು ತಪ್ಪೆನ್ನಲಾರೆ. ಪ್ರಜೆಗಳು ತಾವೇ ಆರಿಸಿದ ಸಭೆ ತಮ್ಮ ನೆಮ್ಮದಿಗಾಗಿ ಇಟ್ಟ ಲೆಕ್ಕ ಬೇರೆ, ಹಲಗಲಿಯ ಮೇಲೆ ದಂಡು ಕಳುಹಿಸಿ ಇಟ್ಟ ಲೆಕ್ಕ ಬೇರೆ. ಎರಡರಲ್ಲಿಯೂ ಎಣಿಸುವುದು ಅದೇ ಹಿತ್ತಾಳೆಯನ್ನೇ ಆದರೂ, ಎಣಿಸುವವನಿಂದ ಉತ್ತರ ಕೇಳುವ ಅಧಿಕಾರ ನಮಗೆ ಈಗ ಇದೆ. ಆ ಅಧಿಕಾರವನ್ನು ಬಳಸುವವರೆಗೆ ಮಾತ್ರ ಈ ವ್ಯತ್ಯಾಸವೂ ಉಳಿಯುತ್ತದೆ.