ಅಜ್ಜಿಯ ಹಾಡು, ಕಾಕಾನ ಡಬ್ಬಿ ಮತ್ತು 143 ಬೈಟು

ಇಲ್ಲಿ ಏನೂ ಬರೆಯದೆ ತುಂಬಾ ದಿನಗಳಾದವು. ಆಫೀಸು, ರಿಲೀಸು, ಅದೇ ಹಳೇ ನೆಪಗಳು :-) ದೀಪಾವಳಿಗೆ ಊರಿಗೆ, ಅಂದರೆ ಹಾನಗಲ್ ತಾಲೂಕಿನ ಆಡೂರಿಗೆ ಹೋದಾಗ ನಡೆದದ್ದನ್ನು ಮಾತ್ರ ಬರೆಯಲೇಬೇಕು ಅನ್ನಿಸಿತು.

ನಮ್ಮ ಕಾಕಾ ಮದುವೆ ಫೋಟೋ ತೆಗೆಯುವವರು. ಎರಡು ಹಾರ್ಡ್ ಡಿಸ್ಕಿನ ಒಂದು ನೆಟ್‌ವರ್ಕ್ ಸ್ಟೋರೇಜ್ ಡಬ್ಬಿ ಮನೆಯಲ್ಲಿ ಇಟ್ಟುಕೊಂಡಿದ್ದಾರೆ. ಫೋಟೋಗಳ ಜೊತೆ ಅಜ್ಜಿಯ ಬೀಸೋ ಪದಗಳೂ ಅದರಲ್ಲಿವೆ, ಕಾಕಾನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಅಜ್ಜಿ ಈಗ ಇಲ್ಲ. ಡಬ್ಬಿಯ ಫ್ಯಾನು ಬೀಸೋ ಕಲ್ಲಿಗಿಂತ ಜೋರಾಗಿ ಸದ್ದು ಮಾಡತೊಡಗಿತ್ತು, ಹಾಗಾಗಿ ಹೊಸ ಡಬ್ಬಿಯೊಂದನ್ನು ಒಯ್ದಿದ್ದೆ.

"ಎರಡೂ ಡಿಸ್ಕ್ ತಗದು ಇದರಾಗ ಹಾಕಿಬಿಡಪಾ, ಮುಗೀತಲ್ಲ" ಅಂದರು ಕಾಕಾ. ಹಾಕಿದೆ. ಹೊಸ ಡಬ್ಬಿ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿತು! ಎದೆ ಧಸಕ್ಕೆಂದಿತು. ಆಫ್ ಮಾಡಿ, ಡಿಸ್ಕುಗಳನ್ನು ಇದ್ದ ಕ್ರಮದಲ್ಲೇ ಹಳೇ ಡಬ್ಬಿಗೆ ಸೇರಿಸಿದೆ.

ಯಾಕೆ ಹೀಗೆ ಅನ್ನುವುದಕ್ಕೆ ಸ್ವಲ್ಪ ಇತಿಹಾಸ ಬೇಕು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 'ರೇಡ್' ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಗುಂಪು ಸಾಕು ಎನ್ನುವುದು ಅವರ ವಾದ. 2000ದ ನಂತರ ಅದು ಮನೆಯ ಡಬ್ಬಿಗಳಿಗೂ ಬಂತು. ಆದರೆ ಡಿಸ್ಕುಗಳು ಗುಂಪಾದ ಮೇಲೆ ಯಾವ ತುಂಡು ಎಲ್ಲಿದೆ ಅನ್ನುವ ಲೆಕ್ಕ ಬರೆದ ಡಬ್ಬಿಗೆ ಗೊತ್ತು, ಬೇರೆಯದಕ್ಕೆ ಗೊತ್ತಿರಬೇಕೆಂದಿಲ್ಲ. ಇನ್‌ಫ್ರಾಂಟ್ ಎಂಬ ಕಂಪನಿಯ ರೆಡಿನ್ಯಾಸ್ ಡಬ್ಬಿಗಳು ಇದಕ್ಕೆ ಒಳ್ಳೆ ಉದಾಹರಣೆ (2007ರಲ್ಲಿ ನೆಟ್‌ಗೇರ್ ಅದನ್ನು ಕೊಂಡಿತು). ಅವುಗಳ ಸ್ಪಾರ್ಕ್ ಚಿಪ್ಪು 16 ಕೆಬಿ ಬ್ಲಾಕುಗಳಲ್ಲಿ ಬರೆಯುತ್ತಿತ್ತು. ಆ ಕಾಲದ ಪಿಸಿ ಲಿನಕ್ಸಿಗೆ 4 ಕೆಬಿಗಿಂತ ದೊಡ್ಡ ಬ್ಲಾಕು ನೇರವಾಗಿ ಓದಲು ಬರುತ್ತಿರಲಿಲ್ಲ. ಡಿಸ್ಕ್ ಗಟ್ಟಿಮುಟ್ಟಾಗಿದೆ, ಓದುವವರಿಲ್ಲ!

ನಮ್ಮೂರಿಗೆ ಇದೇನೂ ಹೊಸದಲ್ಲ ಬಿಡಿ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ ಕಾಲದ, 8ನೇ ಶತಮಾನದ ಶಾಸನ ಆಡೂರಿನದು. ಜಿನಾಲಯಕ್ಕೆ ಕೊಟ್ಟ ದಾನದ ವಿಷಯ. ಕಲ್ಲು ಗಟ್ಟಿ, ಭಾಷೆಯೂ ನಮ್ಮದೇ, ಲಿಪಿ ಮಾತ್ರ ನಮ್ಮಂಥವರಿಗೆ ಒಂದಕ್ಷರ ದಕ್ಕುವುದಿಲ್ಲ. 19ನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅದನ್ನು ಓದಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದರು.

ಸರಿ, ಡಿಸ್ಕ್ ಬೇಡ, ಡಬ್ಬಿಯಿಂದ ಡಬ್ಬಿಗೆ ಡೇಟಾ ಕಾಪಿ ಮಾಡೋಣ ಅಂದರೆ ನನ್ನ ವಿಂಡೋಸ್ ಲ್ಯಾಪ್‌ಟಾಪಿಗೆ ಹಳೇ ಡಬ್ಬಿ ಕಾಣಿಸಲೇ ಇಲ್ಲ. ಅದು ಮಾತಾಡುತ್ತಿದ್ದುದು ಎಸ್‌ಎಂಬಿಯ ಮೊದಲ ಆವೃತ್ತಿ. 2017ರ ವಾನಾಕ್ರೈ ಹಾವಳಿಯ ವರ್ಷದ ಕೊನೆಗೇ ಹೊಸ ವಿಂಡೋಸ್ 10 ಅದನ್ನು ತಾನಾಗಿ ಹಾಕಿಕೊಳ್ಳುವುದನ್ನು ಬಿಟ್ಟಿತು. ಆಗ ನೆನಪಾದವರು ಆಂಡ್ರ್ಯೂ ಟ್ರಿಜೆಲ್. ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದಾಗ ತಂತಿಯಲ್ಲಿ ಹರಿಯುವ ಪ್ಯಾಕೆಟ್ಟುಗಳನ್ನು ನೋಡಿ ನೋಡಿಯೇ ಎಸ್‌ಎಂಬಿಯ ಗುಟ್ಟು ಬಿಡಿಸಿದವರು. 1992ರಲ್ಲಿ ಹೊರಬಂದ ಅದೇ ಮುಂದೆ 'ಸಾಂಬಾ' ಆಯಿತು. (ಎಸ್, ಎಂ, ಬಿ ಮೂರೂ ಇರುವ ಪದವನ್ನು ನಿಘಂಟಿನಲ್ಲಿ ಹುಡುಕಿ ಇಟ್ಟ ಹೆಸರು. ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ!) 1996ರಲ್ಲಿ ಅವರೇ ಪಾಲ್ ಮ್ಯಾಕೆರಾಸ್ ಜೊತೆ ಸೇರಿ 'ಆರ್‌ಸಿಂಕ್' ಬರೆದರು. ಎರಡು ಕಡೆಯ ವ್ಯತ್ಯಾಸವನ್ನಷ್ಟೇ ಕಳಿಸುವ ಪ್ರೋಗ್ರಾಂ ಅದು.

ಎರಡೂ ಡಬ್ಬಿಗಳ ಒಳಗಿರುವುದು ಲಿನಕ್ಸೇ. ರಾತ್ರಿ ಆರ್‌ಸಿಂಕ್ ಹಚ್ಚಿ ಮಲಗಿದೆ. ಕಾಕಾನ ರೌಟರು 100 ಎಂಬಿಪಿಎಸ್‌ನದು, ಒಂದು ಟೆರಾಬೈಟಿಗೆ ಒಂದು ಹಗಲು ಒಂದು ರಾತ್ರಿ ಬೇಕು. ನಡುವೆ ಎರಡು ಸಲ ಕರೆಂಟು ಹೋಯಿತು. ಮತ್ತೆ ಹಚ್ಚಿದರೆ ಆದದ್ದನ್ನು ಬಿಟ್ಟು ಮುಂದಿನಿಂದ ಹೊರಡುತ್ತದೆ, ಪುಣ್ಯಕ್ಕೆ.

ಮೂರನೇ ದಿನ ಮುಗಿಯಿತು. ಕೊನೆಯಲ್ಲಿ ಕೆಲವು ಫೈಲು ಹೋಗಲಿಲ್ಲ ಎಂಬ ಒಂದು ಸಾಲು ಬಂದಿತ್ತು, ಯಾವುದೋ ಕಸವಿರಬೇಕು ಅಂದುಕೊಂಡೆ. ಹಳೇ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡಿ ಹೊಸದಕ್ಕೇ ಹಾಕುವ ಯೋಚನೆ. ಕಾಕಾ ಕೇಳಿದರು, "ಅವ್ವನ ಹಾಡ ಎಲ್ಲಾ ಬಂದಾವೇನು ನೋಡು."

ಎಣಿಸಿದೆ. ಹಳೇದರಲ್ಲಿ 64, ಹೊಸದರಲ್ಲಿ 53.

ಹಾಡುಗಳಿಗೆ ಹೆಸರಿಲ್ಲವಲ್ಲ, ಕಾಕಾ ಪ್ರತಿ ಫೈಲಿಗೂ ಹಾಡಿನ ಮೊದಲ ಸಾಲನ್ನೇ ಕನ್ನಡದಲ್ಲಿ ಹೆಸರಾಗಿ ಕೊಟ್ಟಿದ್ದರು. ಬಾರದ ಹನ್ನೊಂದೂ ಉದ್ದ ಸಾಲಿನವು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ಹೋಟೆಲಿನ ಊಟದ ಟೇಬಲ್ಲಿನ ಕಾಗದದ ಹಾಸಿನ ಮೇಲೆ ಯುಟಿಎಫ್-8ನ್ನು ರೂಪಿಸಿದರು. ಅದರ ಪ್ರಕಾರ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ 3. 'ಸ್ತ್ರೀ' ಕಣ್ಣಿಗೆ ಒಂದಕ್ಷರ, ಡಿಸ್ಕಿಗೆ 18 ಬೈಟು. ಲಿನಕ್ಸಿನಲ್ಲಿ ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟು ಇರಬಹುದು. ಆದರೆ ಹೊಸ ಡಬ್ಬಿಯ ಫೋಲ್ಡರನ್ನು ನಾನು ಜಾಣತನ ಮಾಡಿ ಎನ್‌ಕ್ರಿಪ್ಟ್ ಮಾಡಿದ್ದೆ. ಅದರಲ್ಲಿ ಹೆಸರೂ ಗೂಢಲಿಪಿಯಾಗಿ ಉದ್ದವಾಗುವುದರಿಂದ ಮೂಲ ಹೆಸರಿಗೆ ಉಳಿಯುವುದು 143 ಬೈಟು. ಅಂದರೆ ಕನ್ನಡದ ಸುಮಾರು 47 ಸಂಕೇತ. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಈ ಗೋಡೆ ಹೆಚ್ಚಾಗಿ ಎದುರಾಗುವುದೇ ಇಲ್ಲ.

ಹೆಸರುಗಳನ್ನು ಸಣ್ಣದು ಮಾಡಲೇ ಎಂದೆ. "ಬ್ಯಾಡಪಾ, ಸಾಲು ಕತ್ತರಿಸಬ್ಯಾಡ. ಯಾವ ಹಾಡು ಯಾವುದಂತ ಹೆಂಗ ತಿಳೀಬೇಕು?" ಅಂದರು. ಎನ್‌ಕ್ರಿಪ್ಟ್ ಇಲ್ಲದ ಬೇರೆ ಫೋಲ್ಡರು ಮಾಡಿ ಮತ್ತೆ ಹಚ್ಚಿದೆ. 64 ಬಂದವು. ಹನ್ನೊಂದನ್ನೂ ಒಂದೊಂದಾಗಿ ತೆರೆದು ಕೇಳಿದೆವು. ಒಂದರಲ್ಲಿ ಅಜ್ಜಿ ನಡುವೆ ಹಾಡು ನಿಲ್ಲಿಸಿ, ಹಿತ್ತಲ ಬಾಗಿಲು ಹಾಕು ಅಂತ ಯಾರಿಗೋ ಹೇಳುತ್ತಾಳೆ. ಯಾರಿಗೆ ಅಂತ ಕಾಕಾಗೂ ನೆನಪಿಲ್ಲ.

ಹಳೇ ಡಬ್ಬಿ ಡಿಸ್ಕುಗಳ ಸಮೇತ ಅಟ್ಟದ ಮೇಲಿದೆ. ಫಾರ್ಮ್ಯಾಟ್ ಮಾಡಿಲ್ಲ. ಯುಗಾದಿಗೆ ಹೋದಾಗ ಇನ್ನೊಮ್ಮೆ ಎಣಿಸಬೇಕು.