ತಕ್ಕಾವಿಯಿಂದ ಸಹಾಯಧನದವರೆಗೆ

ನಾಗರಭಾವಿ, ಮಲ್ಲತ್ತಹಳ್ಳಿಗಳ ನೆರೆಯಲ್ಲಿ ಇಂದು ಮನೆಗಳು ಒತ್ತೊತ್ತಾಗಿ ನಿಂತಿರುವ ಅನ್ನಪೂರ್ಣೇಶ್ವರಿ ನಗರದ ನೆಲವು, ಬೆಂಗಳೂರು ಪಶ್ಚಿಮದತ್ತ ಹಬ್ಬುವುದಕ್ಕೆ ಮುನ್ನ, ಮುಗಿಲನ್ನೇ ನೆಚ್ಚಿ ರಾಗಿ ಬೆಳೆಯುತ್ತಿದ್ದ ಸೀಮೆಗೆ ಸೇರಿದ್ದಿತು. ಇಂತಹ ಖುಷ್ಕಿ ಬೇಸಾಯಗಾರನಿಗೆ ಪ್ರಭುತ್ವದ ನೆರವು ಬಹುಕಾಲ ಸಾಲದ ರೂಪದಲ್ಲಿಯೇ ಒದಗುತ್ತಿದ್ದಿತು. ಟಿಪ್ಪುವಿನ ಕಂದಾಯ ನಿಬಂಧನೆಗಳಲ್ಲಿಯೇ ಬಡರೈತರಿಗೆ ತಕ್ಕಾವಿ, ಎಂದರೆ ಬೇಸಾಯದ ಮುಂಗಡ ಸಾಲ, ಕೊಡಬೇಕೆಂಬ ವಿಧಿಯುಂಟು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ನುಂಗಿದ 1876–78ರ ಧಾತು ಈಶ್ವರ ಕ್ಷಾಮದ ತರುವಾಯ, ಬಾವಿಗೂ ಬಿತ್ತನೆಗೂ ಎತ್ತುಗಳಿಗೂ ಮುಂಗಡ ನೀಡುವುದು ಎಷ್ಟು ಆವಶ್ಯಕವೆಂಬುದು ಸರ್ವವಿದಿತವಾಯಿತು. ಆದರೆ ಆ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗಿದ್ದುದರಿಂದ, ಮತ್ತೆ ಮಳೆ ಕೈಕೊಟ್ಟ ವರ್ಷ ಉಪಕಾರವೇ ಋಣಭಾರವಾಗಿ ಪರಿಣಮಿಸುತ್ತಿದ್ದಿತು.

ಮರುಪಾವತಿಯ ಹಂಗಿಲ್ಲದ ನಗದು ನೆರವು ಬಂದುದು ತೀರ ಈಚೆಗೆ. 2019ರ ಫೆಬ್ರವರಿ 24ರಂದು ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯು ರೈತಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಬ್ಯಾಂಕಿನ ಖಾತೆಗೇ ತಲುಪಿಸಿತು. ಕರ್ನಾಟಕ ಸರ್ಕಾರವು ಅದೇ ವರ್ಷ ತನ್ನ 4,000 ರೂಪಾಯಿಗಳನ್ನು ಅದಕ್ಕೆ ಕೂಡಿಸಿತು. ಮಧ್ಯವರ್ತಿಯ ಕೈ ತಪ್ಪಿಸಿದ ಈ ಕ್ರಮ ನಿಶ್ಚಯವಾಗಿಯೂ ಶ್ಲಾಘ್ಯ.

ಆದರೂ ಒಂದು ಅನ್ಯಾಯ ಉಳಿದೇ ಇದೆ. ಹಣವು ಪಹಣಿಯಲ್ಲಿನ ಹೆಸರನ್ನು ಹಿಂಬಾಲಿಸುತ್ತದೆ, ನೇಗಿಲನ್ನಲ್ಲ. ಹೊಲದೊಡೆಯನು ನಗರವಾಸಿಯಾಗಿದ್ದರೂ ಸಹಾಯಧನಕ್ಕೆ ಅರ್ಹನಾಗಬಲ್ಲನು. ಅದೇ ಹೊಲವನ್ನು ವಾರಕ್ಕೆ ಮಾಡಿ, ಬಿತ್ತಿ, ಕಳೆ ಕಿತ್ತವನು ದಾಖಲೆಯಲ್ಲಿ ರೈತನೇ ಅಲ್ಲ. ನಗರದಂಚಿನಲ್ಲಿ ಭೂಮಿ ನಿವೇಶನಗಳಾಗುವ ಮುನ್ನ ಇಂಥವರೇ ಕಡೆಯವರೆಗೂ ಉಳುವವರು. ಸರ್ಕಾರವು ಪಹಣಿಯ ಪಕ್ಕದಲ್ಲಿ ಉಳುವವನ ಹೆಸರನ್ನೂ ಬರೆದುಕೊಂಡು, ಅವನಿಗೆ ಸಲ್ಲಬೇಕಾದುದನ್ನು ಅವನಿಗೇ ಸಲ್ಲಿಸಲಿ.